ಒಂಟಿ ನಟನೂ ಭಯಾನಕ ರಸವೂ

ಹಗಲು ಹೊತ್ತಿನಲ್ಲಿ ದೆವ್ವದ ಕಥೆ ಕೇಳಿ ನಗದವರು ಅಪರೂಪ. ಅದೇ ಕಥೆಯನ್ನು ದೀಪ ಆರಿಸಿದ ಮೇಲೆ, ಹೇಳಬಲ್ಲವರೊಬ್ಬರು ಮೆಲುದನಿಯಲ್ಲಿ ಹೇಳತೊಡಗಿದರೆ, ಹಗಲು ನಕ್ಕವರೇ ಕಾಲನ್ನು ಮೇಲಕ್ಕೆಳೆದುಕೊಂಡು ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾರೆ. ಕಥೆಯಲ್ಲಿ ಏನೂ ಬದಲಾಗಲಿಲ್ಲ. ಹೊಸದಾಗಿ ಸೇರಿದ್ದು ಎರಡೇ: ಕತ್ತಲು ಮತ್ತು ಒಂದು ಕಂಠ. ಈ ಎರಡನ್ನೇ ಬಂಡವಾಳ ಮಾಡಿಕೊಂಡು ಪಾಶ್ಚಾತ್ಯ ರಂಗಭೂಮಿಯಲ್ಲಿ ಒಂದು ವಿಶಿಷ್ಟ ಕಲೆ ಬೆಳೆದು ಬಂದಿದೆ. ಒಬ್ಬನೇ ನಟ ರಂಗದ ಮೇಲೆ ನಿಂತು, ಗಾಥಿಕ್ ಎಂದು ಹೆಸರಾದ ಭಯದ ಕಥೆಗಳನ್ನು ಅಭಿನಯಿಸುವ ಕಲೆ ಅದು. ಇಂದು ಅದರ ವಿಚಾರವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಹೆಸರಿನ ಮಾತು. ಗಾಥಿಕ್ ಎಂಬುದು ಮೂಲದಲ್ಲಿ ಯೂರೋಪಿನ ನಡುಗಾಲದ ಕಟ್ಟಡಗಳಿಗೆ ಅಂಟಿದ ಹೆಸರು. ಚೂಪು ಕಮಾನುಗಳು, ಮುಗಿಲಿಗೇರಿದ ಗೋಪುರಗಳು, ಒಳಗೆ ಮಬ್ಬು ಬೆಳಕು. ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ ಎಂಬ ಶ್ರೀಮಂತ ಈ ಶೈಲಿಗೆ ಮನಸೋತು ತನ್ನ ಮನೆಯನ್ನೇ ಆ ರೀತಿ ಕಟ್ಟಿಸಿಕೊಂಡ. ಒಂದು ರಾತ್ರಿ ಅವನ ಕನಸಿನಲ್ಲಿ, ಮಹಡಿಯ ಮೆಟ್ಟಿಲ ಕಂಬಿಯ ಮೇಲೆ ಕವಚ ತೊಟ್ಟ ದೈತ್ಯನ ಕೈಯೊಂದು ಕಾಣಿಸಿತಂತೆ. ಆ ಕನಸಿನಿಂದ ಹುಟ್ಟಿದ್ದು ‘ಒಟ್ರಾಂಟೋ ದುರ್ಗ’ ಎಂಬ ಕಾದಂಬರಿ. ಅದು ೧೭೬೪ರ ಡಿಸೆಂಬರಿನಲ್ಲಿ ಹೊರಬಂದಿತು. ಮರುವರ್ಷದ ಎರಡನೆಯ ಮುದ್ರಣದಲ್ಲಿ ವಾಲ್‌ಪೋಲ್ ಅದನ್ನು ‘ಗಾಥಿಕ್ ಕಥೆ’ ಎಂದು ಕರೆದ. ಅಲ್ಲಿಂದೀಚೆಗೆ ಪಾಳುಕೋಟೆ, ಸುರಂಗ, ಶಾಪ, ಹಳೆಯ ಪಾಪ, ಸತ್ತ ಮೇಲೂ ಸಾಯದಿರುವವರು—ಇವೆಲ್ಲ ಬರುವ ಕಥೆಗಳಿಗೆ ಆ ಹೆಸರೇ ನಿಂತಿತು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ೧೮೧೮ರದು. ಸ್ಟೀವನ್‌ಸನ್ನನ ‘ಜೆಕಿಲ್ ಮತ್ತು ಹೈಡ್’ ೧೮೮೬ರದು. ಆಸ್ಕರ್ ವೈಲ್ಡನ ‘ಡೋರಿಯನ್ ಗ್ರೇ’ ೧೮೯೦ರಲ್ಲಿ ಪತ್ರಿಕೆಯಲ್ಲಿ ಬಂದು, ಮುಂದಿನ ವರ್ಷ ಪುಸ್ತಕವಾಯಿತು. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ೧೮೯೭ರದು. ನಿಮ್ಮಲ್ಲಿ ಅನೇಕರು ಇವನ್ನು ಪುಸ್ತಕವಾಗಿಯೋ ಚಿತ್ರವಾಗಿಯೋ ಬಲ್ಲಿರಿ.

ಇನ್ನು ಒಂಟಿ ನಟನ ಮಾತು. ಇದು ನಮಗೆ ಹೊಸದೇನೂ ಅಲ್ಲ. ಸಂಸ್ಕೃತ ಲಾಕ್ಷಣಿಕರು ಹೇಳಿದ ಹತ್ತು ಬಗೆಯ ರೂಪಕಗಳಲ್ಲಿ ‘ಭಾಣ’ ಎಂಬುದೊಂದು. ಅದರಲ್ಲಿ ಪಾತ್ರಧಾರಿ ಒಬ್ಬನೇ. ಅವನು ಆಕಾಶದ ಕಡೆ ನೋಡಿ ‘ಏನೆಂದೆ?’ ಎಂದು ಕೇಳುತ್ತಾನೆ. ಉತ್ತರವನ್ನೂ ತಾನೇ ಹೇಳಿಕೊಳ್ಳುತ್ತಾನೆ. ನಮ್ಮ ಹರಿಕಥೆಯ ದಾಸರೂ ಅಷ್ಟೆ. ಒಂದು ಗಳಿಗೆ ದ್ರೌಪದಿ, ಮರುಗಳಿಗೆ ದುಶ್ಶಾಸನ, ಮೂರನೆಯ ಗಳಿಗೆ ಮತ್ತೆ ದಾಸರೇ. ಆದರೆ ಒಂದು ವ್ಯತ್ಯಾಸವಿದೆ. ಭಾಣದ ಒಂಟಿ ನಟ ಹೆಚ್ಚಾಗಿ ಶೃಂಗಾರ, ಹಾಸ್ಯಗಳ ಕಡೆಗೆ ಹೋದ. ಹರಿಕಥೆ ಭಕ್ತಿಯ ಕಡೆಗೆ ಹೋಯಿತು. ಇಂಗ್ಲೆಂಡಿನಲ್ಲಿ ಮಾತ್ರ ಒಂಟಿ ನಟ ಭಯಾನಕ ರಸದ ಬೆನ್ನು ಹತ್ತಿದ. ಭರತಮುನಿ ಈ ರಸಕ್ಕೆ ಕಪ್ಪು ಬಣ್ಣವನ್ನೂ ಕಾಲನನ್ನು ಅಧಿದೇವತೆಯಾಗಿಯೂ ಹೇಳಿದ್ದಾನೆ. ಇಂಥ ದೇವತೆಯ ಜೊತೆ ಒಬ್ಬಂಟಿಯಾಗಿ ವ್ಯವಹಾರಕ್ಕಿಳಿದವರಿಗೆ ಏನಾಯಿತು ಎಂಬುದೇ ನಮ್ಮ ಕಥೆ.

ಮೊದಲ ಪ್ರಸಂಗ ೧೮೦೩ನೆಯ ಇಸವಿಯದು. ‘ದಿ ಮಂಕ್’ ಎಂಬ ಘೋರ ಕಾದಂಬರಿಯನ್ನು ಬರೆದು ಹೆಸರಾಗಿದ್ದ ಮ್ಯಾಥ್ಯೂ ಲೂಯಿಸ್, ಲಂಡನ್ನಿನ ಕಾವೆಂಟ್ ಗಾರ್ಡನ್ ನಾಟಕಶಾಲೆಗೆ ‘ಬಂದಿನಿ’ ಎಂಬ ಅರ್ಥದ ಹೆಸರಿನ ಪುಟ್ಟ ರೂಪಕವೊಂದನ್ನು ಬರೆದುಕೊಟ್ಟ. ಕ್ರೂರಿಯಾದ ಗಂಡನೊಬ್ಬ, ಬುದ್ಧಿ ನೆಟ್ಟಗಿರುವ ಹೆಂಡತಿಯನ್ನು ಹುಚ್ಚರ ಸೆರೆಯಲ್ಲಿ ಕೂಡಿಹಾಕಿಸಿದ್ದಾನೆ. ತನಗೆ ಹುಚ್ಚಿಲ್ಲವೆಂದು ಅವಳು ಮೊರೆಯಿಡುತ್ತಾಳೆ, ಕೇಳುವವರಿಲ್ಲ. ಕಾವಲುಗಾರ ಬಂದು ಹೋಗುತ್ತಾನೆ, ಮಾತಾಡುವುದಿಲ್ಲ. ರಂಗದ ಮೇಲೆ ಮಾತು ಅವಳೊಬ್ಬಳದೇ, ಹಿನ್ನೆಲೆಯಲ್ಲಿ ಸಂಗೀತ. ಇಲ್ಲ, ನನಗೆ ಹುಚ್ಚಿಲ್ಲ ಎಂದು ಹೇಳುತ್ತ ಹೇಳುತ್ತಲೇ ಅವಳ ಬುದ್ಧಿ ಜಾರತೊಡಗುತ್ತದೆ. ಮಾರ್ಚ್ ೨೨ರ ರಾತ್ರಿ ಲಿಚ್‌ಫೀಲ್ಡ್ ಎಂಬ ನಟಿ ಇದನ್ನು ಅಭಿನಯಿಸಿದಳು. ಪ್ರೇಕ್ಷಕರಲ್ಲಿ ಕೆಲವರು ಚೀರಿಕೊಂಡರು, ಕೆಲವರಿಗೆ ಮೂರ್ಛೆ ಹೋಯಿತು. ಲೂಯಿಸ್ ತನ್ನ ಕೃತಿಯನ್ನು ಹಿಂದಕ್ಕೆ ತೆಗೆದುಕೊಂಡ. ಒಂದೇ ರಾತ್ರಿಗೆ ಆ ಪ್ರದರ್ಶನ ಮುಗಿಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಲೂಯಿಸನ ಬೇರೆ ನಾಟಕಗಳಲ್ಲಿ ದೆವ್ವವೇ ರಂಗಕ್ಕೆ ಬರುತ್ತಿತ್ತು. ಆಗ ಜನ ಮೂರ್ಛೆ ಹೋಗಲಿಲ್ಲ, ಚಪ್ಪಾಳೆ ತಟ್ಟಿದರು. ಇಲ್ಲಿ ದೆವ್ವವೇ ಇರಲಿಲ್ಲ. ಹಾಗಾದರೆ ಹೆದರಿಸಿದ್ದು ಯಾವುದು? ಅವಳ ಒಂಟಿತನ. ನಾಟಕದಲ್ಲಿ ಇನ್ನೊಂದು ಪಾತ್ರವಿದ್ದರೆ, ನಮ್ಮ ಭಯದ ಪಾಲನ್ನು ಅದೂ ಸ್ವಲ್ಪ ಹೊತ್ತುಕೊಳ್ಳುತ್ತದೆ. ನಾಯಕಿ ಕೂಗಿದರೆ ಯಾರೋ ಓಡಿಬರುತ್ತಾರೆ. ಬರದಿದ್ದರೂ ಬಂದಾರೆಂಬ ಆಸೆ ಇರುತ್ತದೆ. ರಂಗ ಬರಿದಾಗಿದ್ದರೆ ಅವಳ ಕೂಗನ್ನು ಕೇಳುವವರು ಪ್ರೇಕ್ಷಕರೊಬ್ಬರೇ. ಅವರೋ ಏಳುವಂತಿಲ್ಲ, ಬಿಡಿಸುವಂತಿಲ್ಲ. ನೋಡುವವನೂ ಒಂದು ಬಗೆಯಲ್ಲಿ ಬಂದಿಯೇ ಆಗುತ್ತಾನೆ.

ನಮ್ಮ ಆಲಂಕಾರಿಕರು ಭಾವ ಬೇರೆ, ರಸ ಬೇರೆ ಎಂದು ಒತ್ತಿ ಹೇಳಿದ್ದಾರೆ. ಭಯ ಎಂಬುದು ಸ್ಥಾಯಿಭಾವ. ಹುಲಿಯನ್ನು ಕಂಡವನಿಗೆ ಆಗುವುದು ಅದು. ಅವನು ಓಡುತ್ತಾನೆ, ಆನಂದಪಡುವುದಿಲ್ಲ. ಅದೇ ಭಯ ಕಾವ್ಯದಲ್ಲಿ ಪಾಕಗೊಂಡು ಬಂದಾಗ ಭಯಾನಕ ರಸ. ಅದನ್ನು ನಾವು ಸವಿಯುತ್ತೇವೆ, ಮತ್ತೆ ಬೇಕೆನ್ನುತ್ತೇವೆ. ಕಾವೆಂಟ್ ಗಾರ್ಡನ್ನಿನಲ್ಲಿ ಆ ರಾತ್ರಿ ನಡೆದದ್ದೇನೆಂದರೆ, ರಸವಾಗಿ ಬರಬೇಕಾದದ್ದು ಭಾವವಾಗಿಯೇ ಬಂದುಬಿಟ್ಟಿತು. ಮಧ್ಯದ ಗೆರೆ ಅಳಿಸಿಹೋಯಿತು. ಏಕಪಾತ್ರಾಭಿನಯದಲ್ಲಿ ಈ ಗೆರೆ ಬಹಳ ತೆಳುವು. ಮುಂದೆ ನಾವು ನೋಡುವ ಪ್ರಸಂಗಗಳೆಲ್ಲ ಆ ಗೆರೆಯ ಮೇಲಿನ ನಡಿಗೆಯೇ.

ಗಾಥಿಕ್ ಕಥೆಗಳಿಗೂ ಒಂಟಿ ಕಂಠಕ್ಕೂ ಹುಟ್ಟಿನಿಂದಲೇ ನಂಟು ಎಂಬುದನ್ನು ಗಮನಿಸಬೇಕು. ‘ಫ್ರಾಂಕೆನ್‌ಸ್ಟೈನ್’ ಕಥೆಗೆ ಬೀಜ ಬಿದ್ದದ್ದು ೧೮೧೬ರಲ್ಲಿ, ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ. ಹೊರಗೆ ಬಿಡದ ಮಳೆ. ಒಳಗೆ ಕವಿ ಬೈರನ್, ಕವಿ ಶೆಲ್ಲಿ, ಮೇರಿ, ವೈದ್ಯ ಪಾಲಿಡೋರಿ ಇವರೆಲ್ಲ ದೆವ್ವದ ಕಥೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ನಾವೂ ಒಬ್ಬೊಬ್ಬರು ಒಂದೊಂದು ಕಥೆ ಬರೆಯೋಣವೆಂದು ಬೈರನ್ ಸೂಚಿಸಿದ. ಹೀಗೆ ಓದಿ ಕೇಳಿಸಿದ ಕಥೆಗಳಿಂದಲೇ ಈ ಕಥೆ ಹುಟ್ಟಿತು. ಅದರ ಒಡಲನ್ನು ಬಿಚ್ಚಿ ನೋಡಿದರೂ ಹೀಗೆಯೇ: ನಾವಿಕನೊಬ್ಬ ತನ್ನ ಅಕ್ಕನಿಗೆ ಪತ್ರ ಬರೆಯುತ್ತಾನೆ, ಆ ಪತ್ರದೊಳಗೆ ಫ್ರಾಂಕೆನ್‌ಸ್ಟೈನನ ಮಾತು, ಅವನ ಮಾತಿನೊಳಗೆ ಅವನು ಸೃಷ್ಟಿಸಿದ ಪ್ರಾಣಿಯ ಮಾತು. ಜೆಕಿಲ್ಲನ ಕಥೆ ಮುಗಿಯುವುದು ಅವನದೇ ತಪ್ಪೊಪ್ಪಿಗೆಯಲ್ಲಿ. ಅಮೆರಿಕದ ಎಡ್ಗರ್ ಆಲನ್ ಪೋ ೧೮೪೩ರಲ್ಲಿ ಪ್ರಕಟಿಸಿದ ‘ಗುಟ್ಟು ಹೇಳುವ ಹೃದಯ’ ಎಂಬ ಕಥೆಯಂತೂ ಆದ್ಯಂತ ಒಬ್ಬನ ಮಾತೇ. ತಾನು ಹುಚ್ಚನಲ್ಲವೆಂದು ಸಾಧಿಸಲು ಹೊರಟವನೊಬ್ಬ ತಾನು ಮಾಡಿದ ಕೊಲೆಯನ್ನು ಬಣ್ಣಿಸುತ್ತಾನೆ. ಬಣ್ಣಿಸಿದಷ್ಟೂ ಅವನ ಹುಚ್ಚು ಬಯಲಾಗುತ್ತದೆ. ಇಂಥ ಕಥೆಯನ್ನು ನಟನೊಬ್ಬ ರಂಗಕ್ಕೆ ತಂದರೆ ಅವನು ಹೊಸದೇನನ್ನೂ ಸೇರಿಸಬೇಕಾಗಿಲ್ಲ. ಕಥೆ ತನ್ನ ತವರಿಗೆ ಮರಳಿದಂತಾಗುತ್ತದೆ.

ಇನ್ನು ಈ ಕಲೆಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರಿಗೆ ಬರೋಣ. ಅದು ಚಾರ್ಲ್ಸ್ ಡಿಕನ್ಸ್. ಅವನನ್ನು ನಾವು ಕಾದಂಬರಿಕಾರನೆಂದೇ ಬಲ್ಲೆವು; ಅವನು ತನ್ನ ಕಾಲದ ಮಹಾನಟನೂ ಹೌದು. ೧೮೫೩ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, ಒಂದು ವಿದ್ಯಾಸಂಸ್ಥೆಯ ಸಹಾಯಾರ್ಥವಾಗಿ, ‘ಕ್ರಿಸ್‌ಮಸ್ ಕ್ಯಾರಲ್’ ಎಂಬ ತನ್ನ ಭೂತಗಳ ಕಥೆಯನ್ನು ಅವನು ಸಾರ್ವಜನಿಕವಾಗಿ ಓದಿದ. ಕೂಲಿಕಾರರಿಗೂ ಎಟುಕುವ ದರದಲ್ಲಿ ಒಂದು ರಾತ್ರಿ ಇರಬೇಕೆಂದು ಹಟ ಹಿಡಿದು ಹಾಗೆಯೇ ನಡೆಸಿದ. ೧೮೫೮ರಿಂದ ಅದನ್ನೇ ವೃತ್ತಿಯಾಗಿ ಕೈಗೊಂಡ. ೧೮೬೭ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ, ಕೆಲವೇ ತಿಂಗಳುಗಳಲ್ಲಿ ೭೬ ವಾಚನಗಳನ್ನು ಕೊಟ್ಟು ಬಂದ.

ವಾಚನವೆಂದರೆ ಪುಸ್ತಕ ಹಿಡಿದು ಓದುವುದಲ್ಲ. ಪುಸ್ತಕ ಎದುರಿಗಿರುತ್ತಿತ್ತು, ಆದರೆ ಪಾಠ ಅವನಿಗೆ ಬಾಯಿಪಾಠ. ರಂಗಸಜ್ಜಿಕೆಯನ್ನು ಅವನೇ ಯೋಚಿಸಿ ಮಾಡಿಸಿದ್ದ. ಬೆನ್ನ ಹಿಂದೆ ಕಡುಗೆಂಪು ಬಣ್ಣದ ದೊಡ್ಡ ತಡಿಕೆ. ಅದರಿಂದ ದನಿ ಮುಂದಕ್ಕೆ ಚಿಮ್ಮುತ್ತಿತ್ತು. ಮೇಲೆಯೂ ಪಕ್ಕದಲ್ಲಿಯೂ ಅನಿಲದೀಪಗಳು, ಬೆಳಕೆಲ್ಲ ಮುಖದ ಮೇಲೆಯೇ ಬೀಳುವಂತೆ. ಮುಂದೆ ಸಣ್ಣದೊಂದು ಮೇಜು; ಎಡಗೈ ಊರಲು ಅದರ ಮೇಲೊಂದು ಚಿಕ್ಕ ದಿಮ್ಮಿ; ಮೇಜು ಮೈಯನ್ನು ಮರೆಮಾಡದಷ್ಟು ಕಿರಿದು. ಒಂದು ಲೋಟ ನೀರು. ಇಷ್ಟೇ ಅವನ ಆಹಾರ್ಯಾಭಿನಯದ ಸಾಮಗ್ರಿ. ಉಳಿದದ್ದೆಲ್ಲ ವಾಚಿಕ, ಆಂಗಿಕ, ಸಾತ್ತ್ವಿಕ.

ಹೀಗೆ ಜನರನ್ನು ನಗಿಸಿ ಅಳಿಸಿ ಹತ್ತು ವರ್ಷ ಕಳೆದ ಮೇಲೆ, ಅವರನ್ನು ಹೆದರಿಸಬೇಕೆಂಬ ಆಸೆ ಅವನಿಗೆ ಹುಟ್ಟಿತು. ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಕಳ್ಳ ಸೈಕ್ಸ್, ತನ್ನನ್ನು ನಂಬಿ ಬಂದ ನ್ಯಾನ್ಸಿಯನ್ನು ಬಡಿದು ಕೊಲ್ಲುವ ಪ್ರಕರಣವೊಂದಿದೆ. ಆ ಭಾಗವನ್ನು ಡಿಕನ್ಸ್ ವಾಚನಕ್ಕೆಂದು ಹದಗೊಳಿಸಿದ. ಅವನು ಉಪಯೋಗಿಸುತ್ತಿದ್ದ ಪ್ರತಿಯ ಅಂಚಿನಲ್ಲಿ, ಭಯ ಕೊನೆಯವರೆಗೂ ಸಡಿಲಬಾರದೆಂದು ತನಗೆ ತಾನೇ ಸೂಚನೆ ಬರೆದುಕೊಂಡಿದ್ದಾನೆ. ೧೮೬೮ರ ನವೆಂಬರ್ ೧೪ರಂದು ಲಂಡನ್ನಿನ ಸೇಂಟ್ ಜೇಮ್ಸ್ ಭವನದಲ್ಲಿ ಸುಮಾರು ನೂರು ಮಂದಿ ಆಹ್ವಾನಿತರ ಮುಂದೆ ಪರೀಕ್ಷಾರ್ಥವಾಗಿ ಅಭಿನಯಿಸಿ ತೋರಿಸಿದ. ಫಾಗಿನ್ನನ ಕುತಂತ್ರದ ಪಿಸುಮಾತು, ಸೈಕ್ಸನ ಗಡಸು ದನಿ, ನ್ಯಾನ್ಸಿಯ ಕೊನೆಯ ಬೇಡಿಕೆ, ಎಲ್ಲವೂ ಒಂದೇ ಗಂಟಲಿನಿಂದ. ಮುಗಿದ ಮೇಲೆ ಬಂದಿದ್ದವರ ಮುಖ ಬಿಳಿಚಿಕೊಂಡಿತ್ತು. ಹೆಂಗಸರ ಚಿಕಿತ್ಸೆಯಲ್ಲಿ ಹೆಸರಾಂತ ವೈದ್ಯರೊಬ್ಬರು, ಸಭೆಯಲ್ಲಿ ಒಬ್ಬಾಕೆ ಚೀರಿದರೆ ಸಾಕು, ಇಡೀ ಸಭೆಗೆ ಅದು ಹರಡೀತೆಂದು ಎಚ್ಚರಿಸಿದರು. ಡಿಕನ್ಸನ ಹಿರಿಯ ಮಗನನ್ನು ಕೇಳಿದರೆ, ಇದಕ್ಕಿಂತ ಉತ್ತಮವಾದದ್ದನ್ನು ತಾನು ಕೇಳಿಲ್ಲ, ಆದರೆ ಇದನ್ನು ಮಾಡಬೇಡಿ ಎಂಬರ್ಥದ ಉತ್ತರ ಕೊಟ್ಟ.

ಮಗ ಹೆದರಿದ್ದು ಪ್ರೇಕ್ಷಕರಿಗಾಗಿ ಅಲ್ಲ, ತಂದೆಗಾಗಿ. ಡಿಕನ್ಸನಿಗೆ ಆಗ ೫೬ ವಯಸ್ಸು. ೧೮೬೫ರಲ್ಲಿ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ನಡೆದ ರೈಲು ಅಪಘಾತದಲ್ಲಿ ಅವನು ಸಿಕ್ಕಿಕೊಂಡು ಪಾರಾಗಿದ್ದ. ಅಲ್ಲಿಂದೀಚೆಗೆ ರೈಲು ವೇಗವಾಗಿ ಓಡಿದರೆ ಅವನಿಗೆ ನಡುಕ. ವಾಚನಕ್ಕೆ ಊರೂರು ತಿರುಗಬೇಕಾದರೆ ರೈಲೇ ಗತಿ. ಎಡಗಾಲು ಬಾತು ನಡೆಯುವುದೇ ಕಷ್ಟವಾಗುತ್ತಿತ್ತು. ಆದರೂ ಅವನು ಕೇಳಲಿಲ್ಲ. ೧೮೬೯ರ ಜನವರಿ ೫ರಂದು ಸಾರ್ವಜನಿಕರ ಮುಂದೆ ಸೈಕ್ಸ್–ನ್ಯಾನ್ಸಿಯರ ಪ್ರಕರಣವನ್ನು ಮೊದಲ ಬಾರಿಗೆ ಅಭಿನಯಿಸಿದ. ಕ್ಲಿಫ್ಟನ್ ಎಂಬ ಊರಿನಲ್ಲಿ ಹನ್ನೆರಡರಿಂದ ಇಪ್ಪತ್ತು ಮಂದಿ ಹೆಂಗಸರು ಮೂರ್ಛೆಹೋಗಿ, ಅವರನ್ನು ಹೊರಕ್ಕೆ ಎತ್ತಿಕೊಂಡು ಹೋಗಬೇಕಾಯಿತೆಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ಬರೆದ ಧಾಟಿಯಲ್ಲಿ ಮರುಕಕ್ಕಿಂತ ಹೆಮ್ಮೆಯೇ ಹೆಚ್ಚು. ಆ ಏಪ್ರಿಲ್ ತಿಂಗಳಲ್ಲಿ ದೇಹ ಸೋತಿತು. ವೈದ್ಯರು ಪ್ರವಾಸವನ್ನು ನಡುವೆಯೇ ನಿಲ್ಲಿಸಿದರು.

ಅಲ್ಲಿಗೆ ಬಿಟ್ಟನೇ? ಇಲ್ಲ. ೧೮೭೦ರ ಜನವರಿಯಿಂದ ಮಾರ್ಚಿಯವರೆಗೆ ಲಂಡನ್ನಿನಲ್ಲಿ ಹನ್ನೆರಡು ಬೀಳ್ಕೊಡುಗೆಯ ವಾಚನಗಳನ್ನು ಕೊಡಲು ಅಪ್ಪಣೆ ಪಡೆದ. ಷರತ್ತು ಒಂದೇ: ವೈದ್ಯ ಫ್ರಾಂಕ್ ಬಿಯರ್ಡ್ ಪಕ್ಕದಲ್ಲಿದ್ದು ನಾಡಿ ನೋಡುತ್ತಿರಬೇಕು. ಆ ನಾಡಿಯ ಲೆಕ್ಕವನ್ನು ಡಿಕನ್ಸನ ಗೆಳೆಯನೂ ಚರಿತ್ರಕಾರನೂ ಆದ ಜಾನ್ ಫಾರ್‌ಸ್ಟರ್ ದಾಖಲೆ ಮಾಡಿಟ್ಟಿದ್ದಾನೆ. ಮೊದಲ ರಾತ್ರಿ ಸಹಜವಾಗಿ ನಾಡಿ ನಿಮಿಷಕ್ಕೆ ೭೨. ‘ಕಾಪರ್‌ಫೀಲ್ಡ್’ ಓದಿದ ಮೇಲೆ ೯೬. ಜನವರಿ ೨೧ರಂದು ಸೈಕ್ಸ್–ನ್ಯಾನ್ಸಿಯರ ಪ್ರಕರಣ ಬಂತು. ೮೦ ಇದ್ದದ್ದು ೧೧೨ಕ್ಕೆ ಏರಿತು. ಫೆಬ್ರವರಿ ೧ರಂದು ೧೧೮. ಫೆಬ್ರವರಿ ೧೫ರಂದು ೯೦ರಿಂದ ೧೨೪. ಮಾರ್ಚಿ ೮ರಂದು ೯೪ರಿಂದ ೧೨೦. ಈ ಅಂಕಿಗಳನ್ನು ನೋಡಿದರೆ ಯಾರ ಮನಸ್ಸಾದರೂ ಮರುಗದಿರದು. ಭರತಮುನಿ ಸಾತ್ತ್ವಿಕ ಭಾವಗಳು ಎಂಟೆಂದು ಹೇಳಿದ್ದಾನೆ. ಸ್ತಂಭ, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ನಟ ಇವನ್ನು ತೋರಿಸಬೇಕು. ತಾನೇ ಅವುಗಳಿಗೆ ಬಲಿಯಾಗಬಾರದು. ಡಿಕನ್ಸನ ನಾಡಿ ಹೇಳುವುದೇನೆಂದರೆ, ಅಲ್ಲಿ ಗೆರೆ ಅಳಿಸಿಹೋದದ್ದು ಪ್ರೇಕ್ಷಕರ ಎದೆಯಲ್ಲಿ ಮಾತ್ರವಲ್ಲ, ನಟನ ಎದೆಯಲ್ಲಿಯೂ.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಾಟಕದಲ್ಲಿ ಕೊಲೆಗಾರನ ಪಾತ್ರ ಒಬ್ಬನದು, ಕೊಲೆಯಾಗುವವಳ ಪಾತ್ರ ಇನ್ನೊಬ್ಬಳದು. ಹೊಡೆಯುವ ಆವೇಶ ಒಬ್ಬನಿಗೆ, ಪೆಟ್ಟು ತಿನ್ನುವ ಸಂಕಟ ಇನ್ನೊಬ್ಬಳಿಗೆ. ಏಕಪಾತ್ರಾಭಿನಯದಲ್ಲಿ ಎರಡೂ ಒಂದೇ ಮೈಯಲ್ಲಿ, ಒಂದರ ಬೆನ್ನಿಗೆ ಒಂದು. ಕ್ಷಣದ ಹಿಂದೆ ಎತ್ತಿದ ಕೈ ಅವನದೇ, ಈಗ ಅಡ್ಡಹಿಡಿದ ಕೈಯೂ ಅವನದೇ. ಮಾರ್ಚಿ ೧೫ರಂದು ಡಿಕನ್ಸ್ ಕೊನೆಯ ಬಾರಿಗೆ ಓದಿದ. ಅಂದು ಆರಿಸಿಕೊಂಡದ್ದು ಕೊಲೆಯ ಪ್ರಕರಣವನ್ನಲ್ಲ. ‘ಕ್ರಿಸ್‌ಮಸ್ ಕ್ಯಾರಲ್’ ಮತ್ತು ‘ಪಿಕ್‌ವಿಕ್’ ಕಥೆಯ ನಗೆಯ ಭಾಗವೊಂದನ್ನು. ಜೂನ್ ೯ರಂದು ಅವನು ತೀರಿಕೊಂಡ. ವಾಚನಗಳೇ ಅವನನ್ನು ಕೊಂದವೆಂದು ನ್ಯಾಯಾಧೀಶರಂತೆ ತೀರ್ಪು ಕೊಡುವುದು ಬೇಡ. ಬೇರೆ ಕಾರಣಗಳೂ ಇದ್ದವು. ಆದರೆ ಅವು ಅವನ ಆಯುಷ್ಯಕ್ಕೆ ನೆರವಾಗಲಿಲ್ಲವೆಂಬುದರಲ್ಲಿ ಸಂಶಯವಿಲ್ಲ.

ಮತ್ತೊಂದು ಪ್ರಸಂಗವನ್ನು ಹೇಳಬೇಕು. ಇದರ ಫಲ ಬೇರೆಯಾದದ್ದು. ೧೮೭೬ರ ಡಿಸೆಂಬರಿನಲ್ಲಿ ಹೆಸರಾಂತ ನಟ ಹೆನ್ರಿ ಇರ್ವಿಂಗ್ ಡಬ್ಲಿನ್ ನಗರಕ್ಕೆ ಬಂದಿದ್ದ. ಊಟವಾದ ಮೇಲೆ ಕೆಲವೇ ಮಂದಿ ಅತಿಥಿಗಳ ಮುಂದೆ ಥಾಮಸ್ ಹುಡ್ ಕವಿಯ ಕವನವೊಂದನ್ನು ಅಭಿನಯಪೂರ್ವಕವಾಗಿ ಹೇಳಿದ. ಯೂಜೀನ್ ಆರಮ್ ಎಂಬ ಉಪಾಧ್ಯಾಯ, ತಾನು ಮಾಡಿದ ಕೊಲೆಯ ಪಾಪ ತನ್ನನ್ನು ಬಿಡದೆ ಕಾಡುವುದನ್ನು ಕನಸೆಂಬ ನೆವದಲ್ಲಿ ಹುಡುಗನೊಬ್ಬನಿಗೆ ಹೇಳಿಕೊಳ್ಳುವ ಕವನ ಅದು. ಆರಮ್ ನಿಜವಾಗಿ ಬದುಕಿದ್ದು, ೧೭೫೯ರಲ್ಲಿ ಗಲ್ಲಿಗೇರಿದವನು. ಮುಗಿಸುವ ಹೊತ್ತಿಗೆ ಇರ್ವಿಂಗ್ ಅರೆ ಮೂರ್ಛಿತನಾಗಿ ಕುಸಿದ. ಕೇಳುತ್ತಿದ್ದವರಲ್ಲಿ ಸರಕಾರಿ ಕಚೇರಿಯ ಗುಮಾಸ್ತನೂ ಹವ್ಯಾಸಿ ನಾಟಕ ವಿಮರ್ಶಕನೂ ಆದ ತರುಣನೊಬ್ಬನಿದ್ದ. ಗಟ್ಟಿಮುಟ್ಟಾದ ಆಳು. ಅವನು ತಡೆಯಲಾರದೆ ಉನ್ಮಾದ ಬಂದವನಂತೆ ಆಗಿಹೋದ. ಆ ತರುಣನ ಹೆಸರು ಬ್ರಾಮ್ ಸ್ಟೋಕರ್.

ಆ ರಾತ್ರಿಯಿಂದ ಅವರಿಬ್ಬರಿಗೂ ಬಿಡದ ನಂಟು. ೧೮೭೮ರಲ್ಲಿ ಇರ್ವಿಂಗ್ ಲಂಡನ್ನಿನ ಲೈಸಿಯಮ್ ನಾಟಕಶಾಲೆಯನ್ನು ವಹಿಸಿಕೊಂಡಾಗ, ಸ್ಟೋಕರ್ ಕಚೇರಿಯ ಕೆಲಸ ಬಿಟ್ಟು ಅವನ ವ್ಯವಸ್ಥಾಪಕನಾದ; ೧೯೦೫ರಲ್ಲಿ ಇರ್ವಿಂಗ್ ತೀರಿಕೊಳ್ಳುವವರೆಗೂ ಜೊತೆಗಿದ್ದ. ಹಗಲೆಲ್ಲ ಲೆಕ್ಕಪತ್ರ, ರಾತ್ರಿಯೆಲ್ಲ ನಾಟಕ, ಬಿಡುವಿನಲ್ಲಿ ಬರವಣಿಗೆ. ಹಾಗೆ ಬರೆದದ್ದೇ ‘ಡ್ರಾಕುಲಾ’. ಪುಸ್ತಕ ೧೮೯೭ರ ಮೇ ೨೬ರಂದು ಪ್ರಕಟವಾಯಿತು. ಅದಕ್ಕೆ ಎಂಟು ದಿನ ಮುಂಚೆ, ಮೇ ೧೮ರಂದು, ನಾಟಕದ ಹಕ್ಕು ಬೇರೆಯವರ ಪಾಲಾಗದಿರಲೆಂದು ಲೈಸಿಯಮ್ಮಿನಲ್ಲಿಯೇ ಅದನ್ನು ಸಾರ್ವಜನಿಕವಾಗಿ ಓದಿಸಿದ. ಒಂಟಿ ನಟನೊಬ್ಬ ಒಂದು ರಾತ್ರಿ ಹುಟ್ಟಿಸಿದ ನಡುಕವೇ ಈ ಕಾದಂಬರಿಗೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಕಂಠ ಮಾತ್ರದಿಂದ ಮನುಷ್ಯನನ್ನು ಹಿಡಿದು ಅಲ್ಲಾಡಿಸಬಹುದೆಂಬುದನ್ನು ಸ್ಟೋಕರ್ ಅನುಭವದಿಂದ ಬಲ್ಲವನಾಗಿದ್ದ.

ಆ ಕಾದಂಬರಿಯೊಳಗೇ ಬಾನುಲಿ ಕೇಳುವ ನಮಗೆ ಸೊಗಸೆನಿಸುವ ಒಂದು ಸಂಗತಿ ಇದೆ. ಅದರಲ್ಲಿ ಬರುವ ಡಾಕ್ಟರ್ ಸೀವರ್ಡ್ ತನ್ನ ದಿನಚರಿಯನ್ನು ಬರೆಯುವುದಿಲ್ಲ. ಆಗ ಹೊಸದಾಗಿದ್ದ ಫೋನೋಗ್ರಾಫ್ ಯಂತ್ರದ ಮೇಣದ ಉರುಳೆಗಳಲ್ಲಿ ಮಾತಾಡಿ ತುಂಬಿಸುತ್ತಾನೆ. ಮೀನಾ ಎಂಬಾಕೆ ಅವನ್ನು ಹಾಕಿಕೊಂಡು ಕೇಳುತ್ತಾಳೆ. ಕೇಳಿದವಳು, ಈ ಯಂತ್ರ ನಿಮ್ಮ ಎದೆಯ ನೋವನ್ನು ಇದ್ದದ್ದು ಇದ್ದಂತೆ ಹೇಳಿಬಿಡುತ್ತದೆ, ಇನ್ನು ಯಾರೂ ಇದನ್ನು ಕೇಳಬಾರದು ಎಂಬರ್ಥದ ಮಾತನಾಡಿ, ಎಲ್ಲವನ್ನೂ ಬೆರಳಚ್ಚು ಮಾಡಿ ಕಾಗದಕ್ಕಿಳಿಸುತ್ತಾಳೆ. ಅಕ್ಷರಕ್ಕೆ ಇಳಿದರೆ ನೋವಿನ ಮೊನೆ ಮೊಂಡಾಗುತ್ತದೆ; ಕಂಠದಲ್ಲಿ ಅದು ಹಾಗೆಯೇ ಉಳಿಯುತ್ತದೆ. ಏಕಪಾತ್ರಾಭಿನಯದ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇ?

ಇಪ್ಪತ್ತನೆಯ ಶತಮಾನದ ಮಾತನ್ನು ಬೇಗ ಮುಗಿಸುತ್ತೇನೆ. ೧೯೫೧ರಲ್ಲಿ ವೇಲ್ಸ್ ದೇಶದ ನಟ ಎಮ್ಲಿನ್ ವಿಲಿಯಮ್ಸ್, ಡಿಕನ್ಸನಂತೆಯೇ ಗಡ್ಡ ಕಟ್ಟಿ, ಅವನ ಮೇಜಿನಂತೆಯೇ ಮೇಜು ಮಾಡಿಸಿ, ಡಿಕನ್ಸನ ವಾಚನಗಳನ್ನು ರಂಗದ ಮೇಲೆ ಮತ್ತೆ ಬದುಕಿಸಿದ. ಹಲವು ವರ್ಷ ದೇಶದೇಶಗಳಲ್ಲಿ ಅದನ್ನು ನಡೆಸಿದ. ೧೯೭೦ರಲ್ಲಿ ಅಮೆರಿಕದ ನಟ ವಿನ್ಸೆಂಟ್ ಪ್ರೈಸ್ ಪೋ ಬರೆದ ನಾಲ್ಕು ಕಥೆಗಳನ್ನು ಒಬ್ಬನೇ ದೂರದರ್ಶನಕ್ಕಾಗಿ ಅಭಿನಯಿಸಿದ.

ನಮ್ಮ ಕಾಲದಲ್ಲಿ ಬಹಳ ಮಾತಿಗೆ ಕಾರಣವಾದ ಪ್ರಯೋಗವೆಂದರೆ ‘ಡೋರಿಯನ್ ಗ್ರೇ’. ಕಥೆ ನಿಮಗೆ ಗೊತ್ತಿರಬಹುದು. ಚೆಲುವನಾದ ತರುಣನ ಚಿತ್ರವೊಂದನ್ನು ಗೆಳೆಯ ಬರೆಯುತ್ತಾನೆ. ಮುಪ್ಪು ಈ ಚಿತ್ರಕ್ಕೆ ಬರಲಿ, ನನಗೆ ಬಾರದಿರಲಿ ಎಂದು ತರುಣ ಬಯಸುತ್ತಾನೆ, ಬಯಕೆ ಫಲಿಸುತ್ತದೆ. ಪಾಪ ಮಾಡುವವನು ಅವನು, ವಿಕಾರವಾಗುವುದು ಚಿತ್ರ. ಆಸ್ಟ್ರೇಲಿಯದ ನಿರ್ದೇಶಕ ಕಿಪ್ ವಿಲಿಯಮ್ಸ್ ಇದನ್ನು ೨೦೨೦ರಲ್ಲಿ ಸಿಡ್ನಿ ಥಿಯೇಟರ್ ಕಂಪೆನಿಗಾಗಿ ಒಬ್ಬಳೇ ನಟಿಯ ಪ್ರದರ್ಶನವಾಗಿ ರೂಪಿಸಿದರು. ೨೬ ಪಾತ್ರಗಳು, ಎಲ್ಲವೂ ಎರಿನ್ ಜೀನ್ ನಾರ್ವಿಲ್ ಎಂಬ ನಟಿಯೊಬ್ಬರದೇ. ಮುಂದೆ ೨೦೨೪ರಲ್ಲಿ ಲಂಡನ್ನಿನಲ್ಲಿಯೂ ೨೦೨೫ರಲ್ಲಿ ನ್ಯೂಯಾರ್ಕಿನಲ್ಲಿಯೂ ಸಾರಾ ಸ್ನೂಕ್ ಅದನ್ನು ಅಭಿನಯಿಸಿ, ಎರಡು ಊರುಗಳ ಅತ್ಯುಚ್ಚ ನಾಟಕ ಪ್ರಶಸ್ತಿಗಳಾದ ಆಲಿವಿಯರ್ ಮತ್ತು ಟೋನಿಗಳನ್ನು ಪಡೆದರು. ೨೦೨೪ರಲ್ಲಿ ಸಿಡ್ನಿಯಲ್ಲಿಯೇ ಇದೇ ಬಗೆಯಲ್ಲಿ ‘ಡ್ರಾಕುಲಾ’ ಕೂಡ ಬಂದಿತು. ಅದರ ಎಲ್ಲ ಪಾತ್ರಗಳನ್ನೂ ಜಾರಾ ನ್ಯೂಮನ್ ವಹಿಸಿದರು.

ಡಿಕನ್ಸನ ಮೇಜು, ನೀರಿನ ಲೋಟಗಳಿಗೂ ಈ ಪ್ರದರ್ಶನಕ್ಕೂ ಅಜಗಜಾಂತರ. ಇಲ್ಲಿ ರಂಗದ ಮೇಲೆ ಕ್ಯಾಮೆರಾ ಹಿಡಿದವರು ನಟಿಯ ಸುತ್ತ ಓಡಾಡುತ್ತಾರೆ. ಅವರು ಹಿಡಿದ ಮುಖ, ತೂಗುಬಿಟ್ಟ ದೊಡ್ಡ ತೆರೆಗಳ ಮೇಲೆ ಆಗಲೇ ಮೂಡುತ್ತದೆ. ಮೊದಲೇ ಚಿತ್ರೀಕರಿಸಿದ ಬೇರೆ ಪಾತ್ರಗಳೂ ತೆರೆಯ ಮೇಲಿರುತ್ತವೆ. ಅವುಗಳದ್ದೂ ಅದೇ ನಟಿಯ ಮುಖ. ಊಟದ ಮೇಜಿನ ಸುತ್ತ ಕುಳಿತವರೆಲ್ಲರೂ ಒಬ್ಬರೇ! ಗಡ್ಡ, ಟೋಪನ್ನು, ಉಡುಪು ಎಲ್ಲವನ್ನೂ ನಮ್ಮ ಕಣ್ಣೆದುರಿಗೇ ಬದಲಾಯಿಸುತ್ತಾರೆ. ಮೊಬೈಲ್ ಫೋನಿನಲ್ಲಿ ತನ್ನ ಮುಖವನ್ನು ತಾನೇ ತಿದ್ದಿ ಚೆಂದಗಾಣಿಸಿಕೊಳ್ಳುವ ಇಂದಿನ ಚಾಳಿಯನ್ನೂ ಡೋರಿಯನ್ನನ ಕೈಗೆ ಕೊಟ್ಟಿದ್ದಾರೆ.

ಇದು ಏಕಪಾತ್ರಾಭಿನಯವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಷ್ಟೊಂದು ಯಂತ್ರ, ಇಷ್ಟೊಂದು ಸಹಾಯಕರು ಇದ್ದ ಮೇಲೆ ಒಂಟಿತನ ಎಲ್ಲಿ ಬಂತು? ನನಗೆ ತೋರುವುದು ಹೀಗೆ. ಡೋರಿಯನ್ನನ ಕಥೆಯಲ್ಲಿ ಭಯದ ಮೂಲ ದೆವ್ವವಲ್ಲ, ಪ್ರತಿಬಿಂಬ. ತನ್ನ ಮುಖದಿಂದ ತಾನು ತಪ್ಪಿಸಿಕೊಳ್ಳಲಾಗದವನ ಕಥೆ ಅದು. ರಂಗದ ತುಂಬ ಹತ್ತಾರು ಮುಖಗಳಿದ್ದು, ಎಲ್ಲವೂ ತನ್ನವೇ ಆಗಿದ್ದರೆ, ಅದಕ್ಕಿಂತ ದೊಡ್ಡ ಒಂಟಿತನ ಯಾವುದು? ಲೂಯಿಸನ ಬಂದಿನಿಯ ಸುತ್ತ ಗೋಡೆ; ಇವನ ಸುತ್ತ ಕನ್ನಡಿ. ಅಲ್ಲದೆ ಕ್ಯಾಮೆರಾ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಗಡ್ಡ ಅಂಟಿಸಿದ್ದು, ದೀಪ ತಿರುಗಿಸಿದ್ದು ಎಲ್ಲ ಕಾಣುತ್ತಿರುವುದರಿಂದ, ಇದು ಆಟ ಎಂಬುದು ಪ್ರೇಕ್ಷಕನಿಗೆ ಮರೆಯುವುದಿಲ್ಲ. ಭಾವಕ್ಕೂ ರಸಕ್ಕೂ ನಡುವಿನ ಗೆರೆ ಅಳಿಸದೆ ಉಳಿಯುತ್ತದೆ. ಆದರೆ ಅದೇ ಕಾರಣಕ್ಕೆ ಇಲ್ಲಿ ಬೆರಗು ಹೆಚ್ಚು, ಬೆವರು ಕಡಿಮೆ ಎಂದರೂ ತಪ್ಪಾಗದು. ಲಾಭವಿದ್ದಲ್ಲಿ ನಷ್ಟವೂ ಉಂಟು.

ಕೊನೆಯದಾಗಿ, ನಮ್ಮ ನಿಮ್ಮ ಮನೆಯ ಮಾತು. ಒಂಟಿ ಕಂಠಕ್ಕೆ ತಕ್ಕ ರಂಗಮಂಚ ಯಾವುದೆಂದರೆ, ರೇಡಿಯೋ ಪೆಟ್ಟಿಗೆಗಿಂತ ಹೆಚ್ಚಿನದನ್ನು ನಾನು ಕಾಣೆ. ಅಮೆರಿಕದಲ್ಲಿ ೧೯೩೮ರ ಜುಲೈ ೧೧ರಂದು ಆರ್ಸನ್ ವೆಲ್ಸ್ ತನ್ನ ಪ್ರಖ್ಯಾತ ರೇಡಿಯೋ ನಾಟಕಮಾಲೆಯನ್ನು ಆರಂಭಿಸಿದ್ದು ‘ಡ್ರಾಕುಲಾ’ದಿಂದಲೇ. ರಕ್ತಪಿಶಾಚಿಯ ದನಿಯೂ ಅವನದೇ, ಅದನ್ನು ಬೇಟೆಯಾಡುವ ಡಾಕ್ಟರ್ ಸೀವರ್ಡನ ದನಿಯೂ ಅವನದೇ. ಕೇಳುವವರಿಗೆ ಕಾಣುವುದು ಏನೂ ಇಲ್ಲ. ಕೋಟೆಯನ್ನು ಕಟ್ಟಿಕೊಳ್ಳಬೇಕಾದವರು ಅವರೇ. ತಾನೇ ಕಟ್ಟಿದ ಕೋಟೆಯಲ್ಲಿ ತಾನೇ ಹೆದರುವುದು ಮನುಷ್ಯನ ಸ್ವಭಾವ. ಅದೇ ವರ್ಷದ ಅಕ್ಟೋಬರ್ ೩೦ರಂದು ಅವನು ಪ್ರಸಾರ ಮಾಡಿದ ಮಂಗಳಲೋಕದವರ ದಾಳಿಯ ನಾಟಕವನ್ನು ಕೆಲವರು ನಿಜವೆಂದು ನಂಬಿ ಗಾಬರಿಯಾದರು. ಪತ್ರಿಕೆಗಳು ಆ ಗಾಬರಿಯನ್ನು ಇದ್ದದ್ದಕ್ಕಿಂತ ಬಹಳ ದೊಡ್ಡದು ಮಾಡಿದವೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಆದರೂ ಅಲ್ಲಿಯೂ ಸ್ವಲ್ಪ ಮಟ್ಟಿಗೆ ನಡೆದದ್ದು ಗೆರೆ ದಾಟುವ ಕೆಲಸವೇ.

ಭಯದ ಕಥೆಗಳು ಮನಸ್ಸನ್ನು ಕೆಡಿಸುತ್ತವೆ, ಮಕ್ಕಳಿಗಂತೂ ಬೇಡವೇ ಬೇಡ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಬಾಳಿನಲ್ಲಿ ಭಯ ಬಂದೇ ಬರುತ್ತದೆ. ಬಂದಾಗ ಬೆನ್ನು ತೋರದೆ ಅದನ್ನು ನೋಡುವ ಅಭ್ಯಾಸ ಎಲ್ಲಿಯಾದರೂ ಆಗಬೇಕಲ್ಲವೆ? ನಂಬುಗೆಯವರೊಬ್ಬರ ಕಂಠದಲ್ಲಿ, ಮನೆಯವರೆಲ್ಲ ಹತ್ತಿರ ಕುಳಿತಿರುವಾಗ ಅದರ ಪರಿಚಯ ಮಾಡಿಕೊಳ್ಳುವುದು ಮೇಲು. ಆದ್ದರಿಂದ ನನ್ನದೊಂದು ಸಲಹೆ. ಒಂದು ಸಂಜೆ, ಊಟವಾದ ಮೇಲೆ, ದೊಡ್ಡ ದೀಪವನ್ನು ಆರಿಸಿ ಚಿಕ್ಕದೊಂದನ್ನು ಹಚ್ಚಿರಿ. ಮನೆಯಲ್ಲಿ ಚೆನ್ನಾಗಿ ಓದಬಲ್ಲವರು ಒಬ್ಬರು ಒಳ್ಳೆಯ ಕಥೆಯೊಂದನ್ನು ಗಟ್ಟಿಯಾಗಿ ಓದಲಿ. ಕೂಗಬೇಕಾಗಿಲ್ಲ, ಮುಖ ಸೊಟ್ಟ ಮಾಡಬೇಕಾಗಿಲ್ಲ. ನಿಧಾನವಾಗಿ ಓದಿದರೆ ಸಾಕು, ಉಳಿದದ್ದನ್ನು ಕತ್ತಲು ನೋಡಿಕೊಳ್ಳುತ್ತದೆ. ಓದುವವರು ನಡುನಡುವೆ ಕೇಳುವವರ ಮುಖವನ್ನು ನೋಡುತ್ತಿರಲಿ. ಎಲ್ಲರಿಗಿಂ‍ತ ಚಿಕ್ಕವರ ಕಣ್ಣಿನಲ್ಲಿ ‘ಮುಂದೇನಾಯಿತು?’ ಎಂಬ ಕುತೂಹಲ ಇರುವವರೆಗೆ ಮುಂದುವರಿಯಲಿ. ಅಲ್ಲಿಯವರೆಗೆ ಅದು ರಸ. ಆ ಕುತೂಹಲ ಆರಿ ಬರಿಯ ಅಂಜಿಕೆ ಉಳಿಯಿತೆಂದು ಕಂಡರೆ, ಪುಸ್ತಕ ಮುಚ್ಚಿ ದೀಪ ಹಚ್ಚಿಬಿಡಲಿ. ಆ ಗೆರೆಯನ್ನು ತಿಳಿಯಲು ಡಿಕನ್ಸನಿಗೆ ವೈದ್ಯನೊಬ್ಬ ಪಕ್ಕದಲ್ಲಿ ನಾಡಿ ಹಿಡಿದು ಕುಳಿತಿರಬೇಕಾಯಿತು. ನಮಗೆ ಎದುರಿಗೆ ಕುಳಿತ ಮಗುವಿನ ಮುಖವೇ ಸಾಕು.